ನೇರವಾಗಿ ಕಂಡ ತಂತಿಯೆಲ್ಲ ಬಿಗಿಯಾಗಿರಲ್ಲ

ಸಂಪಾದಕರೇ, ನಮಸ್ಕಾರ.

ನಿಮ್ಮ ವಿಜ್ಞಾನ ಪುಟದಲ್ಲಿ ಶೇಪ್ ಮೆಮೊರಿ ಅಲಾಯ್, ಅಂದ್ರೆ ಬಿಸಿ ಮಾಡಿದ್ರೆ ಹಳೇ ಆಕಾರ ನೆನಪಿಸಿಕೊಳ್ಳೋ ಮಿಶ್ರಲೋಹದ ತಂತಿ ಬಗ್ಗೆ ಬಂದ ಲೇಖನ ಓದಿದೆ. ಮೋಟಾರಿಲ್ಲ ಗೇರಿಲ್ಲ, ಕೂದಲಿನಷ್ಟು ತೆಳ್ಳಗಿರೋ ತಂತಿಗೆ ಕರೆಂಟ್ ಕೊಟ್ರೆ ಅದೇ ಕುಗ್ಗಿ ರೋಬೋಟ್ ಬೆರಳನ್ನ ಮಡಚುತ್ತೆ ಅನ್ನೋ ವಿಷಯ ಕನ್ನಡದಲ್ಲಿ ಓದೋಕೆ ಸಿಕ್ಕಿದ್ದು ನಿಜಕ್ಕೂ ಖುಷಿ. ಅಮೆರಿಕದ ನೌಕಾಪಡೆಯ ಲ್ಯಾಬ್‌ನಲ್ಲಿ ವಿಲಿಯಂ ಬ್ಯೂಲರ್ ಅವರ ಕೈಲಿ ಹುಟ್ಟಿದ ಲೋಹ, ಅದಕ್ಕೇ ನಿಟಿನಾಲ್ ಅನ್ನೋ ಹೆಸರಲ್ಲೇ ನಿಕಲ್, ಟೈಟೇನಿಯಂ ಜೊತೆ ಆ ಲ್ಯಾಬ್‌ನ ಹೆಸರೂ ಸೇರಿಕೊಂಡಿದೆ, 1997ರಲ್ಲಿ ಮಂಗಳಕ್ಕೆ ಹೋದ ಸೊಜರ್ನರ್ ರೋವರ್‌ನಲ್ಲೂ ಇಂಥದ್ದೊಂದು ತಂತಿ ಇತ್ತು, ಧೂಳು ಎಷ್ಟು ಕೂರುತ್ತೆ ಅಂತ ನೋಡೋ ಪ್ರಯೋಗದಲ್ಲಿ ಒಂದು ಪುಟ್ಟ ಗಾಜಿನ ಮುಚ್ಚಳ ಸರಿಸೋಕೆ. ಇದೆಲ್ಲ ಸರಿ.

ಆದ್ರೆ ಲೇಖನದಲ್ಲಿ ಒಂದು ಕಡೆ, ಬಿಸಿಯಾದಾಗ ಕುಗ್ಗೋ ತಂತಿ ತಣ್ಣಗಾದಾಗ ತಾನಾಗೇ ಹಳೇ ಉದ್ದಕ್ಕೆ ವಾಪಸ್ ಬರುತ್ತೆ ಅನ್ನೋ ಅರ್ಥ ಬರೋ ಹಾಗೆ ಬರೆದಿದ್ದೀರಿ. ಇನ್ನೊಂದು ಕಡೆ, ತಂತಿ ಜೋತು ಬೀಳದ ಹಾಗೆ ಶುರುವಲ್ಲೇ ಚೆನ್ನಾಗಿ ಬಿಗಿದು ಕಟ್ಟಿದ್ರೆ ಸಾಕು ಅಂತಾನೂ ಇದೆ. ಈ ಎರಡು ಮಾತು ನಂಬಿಕೊಂಡು ಯಾರಾದ್ರೂ ಹುಡುಗರು ಮನೇಲಿ ಮಾಡೋಕೆ ಕೂತ್ರೆ ಎರಡೇ ದಿನಕ್ಕೆ ತಂತಿ ಸುಟ್ಟುಕೊಂಡು ಈ ಸಹವಾಸಾನೇ ಬೇಡ ಅಂತ ಎದ್ದು ಹೋಗ್ತಾರೆ. ನಾನೂ ಒಂದು ಕಾಲಕ್ಕೆ ಹಾಗೇ ಎದ್ದು ಹೋಗಿದ್ದವನೇ, ಅದಕ್ಕೇ ಈ ಉದ್ದದ ಕಾಗದ, ಪೂರ್ತಿ ಹಾಕೋಕಾಗದೆ ಇದ್ರೆ ಕತ್ತರಿಸಿ ಹಾಕಿ ಪರವಾಗಿಲ್ಲ, ಅಂಕಿಗಳನ್ನ ಮಾತ್ರ ಬಿಡಬೇಡಿ.

ಮೊದಲು ತಾನಾಗೇ ವಾಪಸ್ ಬರೋ ವಿಷಯ. ತಣ್ಣಗಿದ್ದಾಗ ಈ ಲೋಹ ಮಾರ್ಟೆನ್ಸೈಟ್ ಅನ್ನೋ ರೂಪದಲ್ಲಿರುತ್ತೆ, ಮೆತ್ತಗಿರುತ್ತೆ, ಎಳೆದ್ರೆ ಉದ್ದ ಆಗುತ್ತೆ, ಬಿಟ್ರೆ ರಬ್ಬರ್ ಥರ ವಾಪಸ್ ಬರಲ್ಲ, ಹೆಚ್ಚುಕಮ್ಮಿ ಎಳೆದ ಉದ್ದದಲ್ಲೇ ನಿಲ್ಲುತ್ತೆ. ಬಿಸಿ ಮಾಡಿದ್ರೆ, ಮಾರ್ಕೆಟ್‌ನಲ್ಲಿ ಸಿಗೋ ತಂತಿಗಳಲ್ಲಿ ಸಾಮಾನ್ಯವಾಗಿ 70 ಇಲ್ಲಾ 90 ಡಿಗ್ರಿ ಸೆಲ್ಸಿಯಸ್ ಹತ್ತಿರ, ಆಸ್ಟೆನೈಟ್ ಅನ್ನೋ ಇನ್ನೊಂದು ರೂಪಕ್ಕೆ ಹೋಗುತ್ತೆ, ಆಗ ಎಳೆದಿದ್ದನ್ನೆಲ್ಲ ಜೋರಾಗಿ ವಾಪಸ್ ಎಳ್ಕೊಳ್ಳುತ್ತೆ. ಮತ್ತೆ ತಣ್ಣಗಾದ್ರೆ ಮೆತ್ತಗಾಗುತ್ತೆ ಅಷ್ಟೆ, ಉದ್ದ ಆಗ್ಬೇಕಂದ್ರೆ ಯಾರಾದ್ರೂ ಎಳೀಬೇಕು, ಸ್ಪ್ರಿಂಗೋ ತೂಕವೋ ಇಲ್ಲಾ ಎದುರು ಕಡೆ ಕೂತ ಇನ್ನೊಂದು ತಂತಿಯೋ. 0.15 ಮಿಲಿಮೀಟರ್ ದಪ್ಪದ ತಂತಿ ಬಿಸಿಯಾದಾಗ ಆರಾಮಾಗಿ ಸುಮಾರು 320 ಗ್ರಾಂ ತೂಕ ಎಳೆಯುತ್ತೆ, ಅದೇ ತಂತಿ ತಣ್ಣಗಾದಾಗ ಅದನ್ನ ಪೂರ್ತಿ ವಾಪಸ್ ಎಳೆಯೋಕೆ ಸುಮಾರು 130 ಗ್ರಾಂ ಎಳೆತ ಬೇಕು, ಅಂದ್ರೆ ಕೊಟ್ಟಿದ್ದರಲ್ಲಿ 40 ಪರ್ಸೆಂಟ್ ವಾಪಸ್ ತರೋದಕ್ಕೇ ಖರ್ಚು. ಈ ಲೆಕ್ಕ ಗೊತ್ತಿಲ್ಲದೆ ಡಿಸೈನ್ ಮಾಡಿದವರ ಬೆರಳು ಒಂದು ಸಲ ಮಡಚಿ ಹಾಗೇ ಕೂರುತ್ತೆ.

ತಮಾಷೆ ಅಂದ್ರೆ ನೀವು ಬರೆದಿದ್ದು ಪೂರ್ತಿ ಸುಳ್ಳೂ ಅಲ್ಲ. ನೂರಾರು ಸಲ ಬಿಸಿ-ತಣ್ಣಗೆ ಆದ ತಂತಿಗೆ ಒಂಥರಾ ಅಭ್ಯಾಸ ಬಂದುಬಿಡುತ್ತೆ, ಯಾರೂ ಎಳೆಯದೇ ಇದ್ರೂ ತಣ್ಣಗಾಗ್ತಾ ಸ್ವಲ್ಪ ತಾನಾಗೇ ಉದ್ದ ಆಗುತ್ತೆ, ಇದಕ್ಕೆ ಟೂ-ವೇ ಎಫೆಕ್ಟ್ ಅಂತಾರೆ. ತೊಂದ್ರೆ ಶುರು ಆಗೋದೇ ಇಲ್ಲಿ. ಬೆರಳು ಅಲ್ಲೇ ನಿಂತಿದೆ, ಎದುರಿನ ತಂತಿ ಇನ್ನೂ ಎಳೆಯೋಕೆ ಶುರು ಮಾಡಿಲ್ಲ, ಇತ್ತ ಈ ತಂತಿ ತನ್ನ ಪಾಡಿಗೆ ಉದ್ದ ಆಯ್ತು, ಹೆಚ್ಚಾದ ಆ ಉದ್ದ ಎಲ್ಲಿಗೆ ಹೋಗ್ಬೇಕು, ಹೊಟ್ಟೆ ಬಿಟ್ಟುಕೊಂಡು ಜೋತು ಬೀಳುತ್ತೆ. ಇದನ್ನೇ ನಾವು ಸ್ಲ್ಯಾಕ್ ಅನ್ನೋದು. ಇದರ ಜೊತೆಗೆ ಬಿಸಿ-ತಣ್ಣಗಿನ ಸೈಕಲ್ ಆದಂತೆಲ್ಲ ತಂತೀಲಿ ಉಳಿದುಹೋಗೋ ಶಾಶ್ವತ ಹಿಗ್ಗು ಬೇರೆ, ತಂತಿಯ ತುದಿ ಅದುಮಿ ಹಿಡಿಯೋ ಲೋಹದ ಕೊಳವೆ, ಅಂದ್ರೆ ಕ್ರಿಂಪ್‌ನಲ್ಲಿ ಕೂದಲೆಳೆ ಅಂತರ ಜಾರೋದು ಬೇರೆ, ಪ್ಲಾಸ್ಟಿಕ್ ಫ್ರೇಮ್ ಆದ್ರೆ ಅದು ಬಾಗೋದು ಬೇರೆ. ಎಲ್ಲಾ ಸೇರಿ ಒಂದು ಮಿಲಿಮೀಟರ್ ಆಗೋದು ಏನೇನೂ ಕಷ್ಟ ಅಲ್ಲ.

ಜೋತು ಬಿದ್ರೆ ಏನಾಗುತ್ತೆ ಅಂತ ಕೇಳ್ತೀರಾ, ನನ್ನದೇ ಕಥೆ ಹೇಳ್ತೀನಿ. ಎರಡು ತಂತಿಯ ಒಂದು ಕೀಲು ಮಾಡಿದ್ದೆ, ಒಂದು ತಂತಿ ಈ ಕಡೆಗೆ ಎಳೆದ್ರೆ ಇನ್ನೊಂದು ಆ ಕಡೆಗೆ, ಹಗ್ಗ ಜಗ್ಗಾಟದ ಥರ. ನಾಲ್ಕು ಜನರ ಮುಂದೆ ತೋರಿಸೋ ದಿನ, ಹಿಂದಿನ ರಾತ್ರಿ ಚೆನ್ನಾಗೇ ಓಡಿತ್ತು, ಅವತ್ತು ಮಾತ್ರ ಒಂದು ತಂತಿ ಸಡಿಲ ಆಗಿ ಪುಲ್ಲಿಯಿಂದ ಹಾರಿ ಅಲ್ಯೂಮಿನಿಯಂ ಫ್ರೇಮಿಗೆ ತಾಗ್ತು, ತಾಗಿದ್ದು ಸರಿಯಾಗಿ ಅರ್ಧ ಉದ್ದದಲ್ಲಿ, ಫ್ರೇಮು ಗ್ರೌಂಡಿಗೆ ಕನೆಕ್ಟ್ ಆಗಿತ್ತು, ಅಷ್ಟೆ, ಉಳಿದರ್ಧ ತಂತಿಯಲ್ಲಿ ಕರೆಂಟ್ ಎರಡರಷ್ಟು ಆಯ್ತು, ಬಿಸಿ ನಾಲ್ಕರಷ್ಟು ಆಯ್ತು, ಕ್ಷಣದಲ್ಲಿ ನೆನಪಿನ ಲೋಹ ನೆನಪು ಕಳ್ಕೊಂಡು ಬರೀ ಲೋಹ ಆಗಿ ಕೂತ್ಕೊಂತು. ಸಪ್ಲೈ ಸ್ಥಿರ ವೋಲ್ಟೇಜಿನದ್ದು ಇಟ್ಟಿದ್ದು ನನ್ನದೇ ತಪ್ಪು, ಸ್ಥಿರ ಕರೆಂಟ್ ಇಟ್ಟಿದ್ರೆ ಆ ತಂತಿಯಾದ್ರೂ ಉಳೀತಿತ್ತು. ಆದ್ರೆ ಮೂಲ ತಪ್ಪು ಅದಲ್ಲ. ಬೆಳಿಗ್ಗೆ ಹೊರಡೋ ಮುಂಚೆ ಬಗ್ಗಿ ನೋಡಿದ್ದೆ, ತಂತಿ ನೇರವಾಗೇ ಕಾಣ್ತಿತ್ತು, ಸರಿ ಇದೆ ಅಂದ್ಕೊಂಡೆ.

ನಾನು ಹೇಳ್ಬೇಕು ಅಂತಿರೋದು ಇದನ್ನೇ. ಕಣ್ಣು ಸ್ಲ್ಯಾಕ್ ಅಳೆಯೋಕೆ ಲಾಯಕ್ಕಾದ ಸಾಧನ ಅಲ್ಲ, ಅದು ಎರಡು ಕಡೆಯಿಂದಲೂ ಮೋಸ ಮಾಡುತ್ತೆ.

ಒಂದನೇ ಮೋಸ ಇಲ್ಲದ್ದನ್ನ ದೊಡ್ಡದು ಮಾಡಿ ತೋರಿಸೋದು. 200 ಮಿಮೀ ದೂರದ ಎರಡು ಗೂಟಗಳ ಮಧ್ಯೆ ತಂತಿ 5 ಮಿಮೀ ಜೋತಿದೆ ಅಂದ್ಕೊಳ್ಳಿ. ನೋಡಿದ್ರೆ ಅಯ್ಯೋ ಎಷ್ಟೊಂದು ಸಡಿಲ ಅನ್ಸುತ್ತೆ. ಲೆಕ್ಕ ಹಾಕಿ, ಜೋಲಿನ ವರ್ಗವನ್ನ 8ರಿಂದ ಗುಣಿಸಿ ಅದನ್ನ ದೂರದ ಮೂರರಷ್ಟರಿಂದ ಭಾಗಿಸಿದ್ರೆ ಹೆಚ್ಚುವರಿ ಉದ್ದ ಸಿಗುತ್ತೆ, 8 ಇಂಟು 25 ಅಂದ್ರೆ 200, ಭಾಗಿಸು 600, ಬರೋದು ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ ಅಷ್ಟೆ. ತಂತಿ ಬಾಳಿಕೆ ಬರ್ಲಿ ಅಂತ ಕೆಲಸದಲ್ಲಿ 4 ಪರ್ಸೆಂಟ್ ಕುಗ್ಗನ್ನ ಮಾತ್ರ ಬಳಸ್ತೀವಿ ಅಂದ್ರೆ 200 ಮಿಮೀ ತಂತಿಗೆ 8 ಮಿಮೀ ಚಲನೆ, ಅದರಲ್ಲಿ 0.33 ಹೋಯ್ತು. 5 ಮಿಮೀ ತ್ರಿಜ್ಯದ ಪುಲ್ಲಿ ಆದ್ರೆ ಒಟ್ಟು ತಿರುಗೋದು 90 ಡಿಗ್ರಿ ಚಿಲ್ಲರೆ, ಸ್ಲ್ಯಾಕಿಗೆ ಹೋಗೋದು ಸುಮಾರು 4 ಡಿಗ್ರಿ. ಒಂದು ಲೆಕ್ಕಕ್ಕೆ ಇದು ಒಳ್ಳೇದೇ, ಉದ್ದದಲ್ಲಿ ಕಣ್ಣಿಗೆ ಕಾಣದ ವ್ಯತ್ಯಾಸ ಜೋಲಿನಲ್ಲಿ ಹತ್ತಿಪ್ಪತ್ತು ಪಟ್ಟು ದೊಡ್ಡದಾಗಿ ಕಾಣುತ್ತೆ, ಹಿಂದೆ ಒಂದು ಗ್ರಾಫ್ ಪೇಪರ್ ಅಂಟಿಸಿ ಮೊಬೈಲಲ್ಲಿ ಫೋಟೋ ತೆಗೆದ್ರೆ ಪುಕ್ಕಟೆ ಮೈಕ್ರೋಮೀಟರ್.

ಎರಡನೇ ಮೋಸ ಇದಕ್ಕಿಂತ ಕೆಟ್ಟದ್ದು. ಅದೇ 0.15 ಮಿಮೀ ತಂತಿ, ಅದೇ 200 ಮಿಮೀ ದೂರ, ಬರೀ ಒಂದು ಗ್ರಾಂ ಎಳೆತ ಕೊಟ್ರೆ ತನ್ನ ಭಾರಕ್ಕೆ ಅದು ಜೋಲೋದು ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ ಅಷ್ಟೆ. ಅಂದ್ರೆ ಒಂದು ಗ್ರಾಂಗೇ ತಂತಿ ಕಣ್ಣಿಗೆ ನೆಟ್ಟಗೆ ಕಾಣೋಕೆ ಶುರು ಆಗುತ್ತೆ, ಅಲ್ಲಿಂದ 130 ಗ್ರಾಂವರೆಗೂ ಅದು ಹಾಗೇ ನೆಟ್ಟಗೆ ಕಾಣ್ತಾನೇ ಇರುತ್ತೆ. ನಮಗೆ ಬೇಕಾಗಿರೋ ಮಾಹಿತಿ ಪೂರ್ತಿ ಆ 1ರಿಂದ 130ರ ಮಧ್ಯೆ ಇದೆ, ಕಣ್ಣಿಗೆ ಅದು ಗೊತ್ತೇ ಆಗಲ್ಲ. ಅವತ್ತು ಬೆಳಿಗ್ಗೆ ನಾನು ನೋಡಿದ ನೇರ ತಂತಿ ಬಹುಶಃ ಎರಡು ಮೂರು ಗ್ರಾಂನಲ್ಲಿ ಇತ್ತು. ಸ್ಲ್ಯಾಕ್ ಅಂದ್ರೆ ಉದ್ದ ಜಾಸ್ತಿ ಆಗಿದ್ದು ಅಂತ ನಾವು ಅಂದ್ಕೋತೀವಿ, ಕೆಲಸ ಮಾಡೋವಾಗ ಅದನ್ನ ಎಳೆತ ಇಲ್ಲದೇ ಹೋಗಿದ್ದು ಅಂತ ತಿಳ್ಕೊಂಡ್ರೇನೇ ಕೈ ಹತ್ತೋದು, ಯಾಕಂದ್ರೆ ಎಳೆತ ಮೊದಲು ಹೋಗುತ್ತೆ, ಜೋಲು ಆಮೇಲೆ ಕಾಣುತ್ತೆ.

ಹಾಗಾದ್ರೆ ಎಳೆತ ಅಳೆಯೋದು ಹೇಗೆ. ಅತಿ ಸುಲಭ ದಾರಿ ಕಿವಿ. ತಂತಿ ವಾದ್ಯ ಶ್ರುತಿ ಮಾಡೋರಿಗೆ ಇದು ಹೊಸದೇನಲ್ಲ, ತಂತಿ ಮೀಟಿದ್ರೆ ಬರೋ ಸ್ವರ ಎಳೆತದ ವರ್ಗಮೂಲದ ಜೊತೆ ಏರುತ್ತೆ. ಈ ಲೋಹದ ಸಾಂದ್ರತೆ ಘನ ಸೆಂಟಿಮೀಟರಿಗೆ 6.45 ಗ್ರಾಂ, ಅದರಿಂದ ಲೆಕ್ಕ ಹಾಕಿದ್ರೆ ಮೇಲಿನ ತಂತಿ 1 ಗ್ರಾಂ ಎಳೆತದಲ್ಲಿ ಸುಮಾರು 23 ಹರ್ಟ್ಸ್, ಅಂದ್ರೆ ಕೇಳಿಸೋದೇ ಇಲ್ಲ ಅನ್ನಿ, 30 ಗ್ರಾಂಗೆ ಸುಮಾರು 127, 128 ಗ್ರಾಂಗೆ ಸುಮಾರು 262. ಎಳೆತ ನಾಲ್ಕು ಪಟ್ಟಾದ್ರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತೆ, ಅಷ್ಟು ನೆನಪಿದ್ರೆ ಸಾಕು. ಮೊಬೈಲಲ್ಲಿ ಟ್ಯೂನರ್ ಆ್ಯಪ್ ಹಾಕ್ಕೊಂಡು ಹತ್ತಿರ ಹಿಡಿದು ಮೀಟಿ ನೋಡಿ. ಕರೆಂಟ್ ಇಲ್ಲದಾಗ ಮೀಟಿ, ತಂತಿ ತಣ್ಣಗಿರಲಿ, ಬಿಸೀಲಿ ಮುಟ್ಟಿದ್ರೆ ಬೆರಳು ಚುರ್ ಅನ್ನುತ್ತೆ ಅಷ್ಟೇ ಅಲ್ಲ, ಮುಟ್ಟಿದ ಜಾಗ ತಣ್ಣಗಾಗಿ ಲೆಕ್ಕಾನೂ ಕೆಡುತ್ತೆ.

ಮೀಟೋಕೆ ಜಾಗ ಇಲ್ಲದೆ ಇದ್ರೆ ಒತ್ತಿ ನೋಡ್ಬಹುದು, ಬೆಲ್ಟ್ ಟೆನ್ಷನ್ ನೋಡೋ ಥರಾನೇ. ಮಧ್ಯದಲ್ಲಿ 5 ಗ್ರಾಂ ತೂಕ ನೇತುಹಾಕಿ, ತಂತಿ ಸುಮಾರು 2 ಮಿಮೀ ಕೆಳಗೆ ಬಂದ್ರೆ ಎಳೆತ 125 ಗ್ರಾಂ ಆಸುಪಾಸು ಇದೆ ಅಂತ. ಜಾಸ್ತಿ ತೂಕ ಹಾಕಬೇಡಿ, ಆ ತೂಕಕ್ಕೇ ತಂತಿ ಬಿಗಿಯಾಗಿ ಸುಳ್ಳು ಹೇಳುತ್ತೆ.

ಇವೆಲ್ಲ ನಿಂತ ತಂತಿಗೆ. ಓಡ್ತಾ ಇರೋವಾಗ ನೋಡ್ಬೇಕಂದ್ರೆ ತಂತಿಯ ಒಂದು ತುದಿಗೆ ಲೋಡ್ ಸೆಲ್, ಅಂದ್ರೆ ಎಳೆತ ಅಳೆಯೋ ಸೆನ್ಸರ್, ಹಾಕ್ಲೇಬೇಕು, ಪ್ರತಿ ತಂತಿಗೂ ಒಂದೊಂದು. ಖರ್ಚು ಜಾಗ ಎರಡೂ ಬೇಕು ಅಂತ ಬಹಳ ಜನ ಇದನ್ನ ಬಿಟ್ಟುಬಿಟ್ಟು ರೆಸಿಸ್ಟೆನ್ಸ್ ಹಿಂದೆ ಓಡ್ತಾರೆ. ರೆಸಿಸ್ಟೆನ್ಸ್ ದಾರಿ ಕೆಟ್ಟದ್ದೇನಲ್ಲ, 1988ರಲ್ಲೇ ಜಪಾನಿನ ಇಕುಟಾ, ಹಿರೋಸೆ ಮತ್ತಿತರರು ಎಂಡೋಸ್ಕೋಪ್ ಬಾಗಿಸೋಕೆ ಅದನ್ನ ಬಳಸಿ ತೋರಿಸಿದ್ದಾರೆ. ತಂತಿ ಕುಗ್ತಾ ರೆಸಿಸ್ಟೆನ್ಸ್ ಇಳಿಯುತ್ತೆ, ಹಾಗಾಗಿ ತಂತಿಯೇ ತನ್ನ ಉದ್ದ ಹೇಳೋ ಸೆನ್ಸರ್ ಆಗುತ್ತೆ. ಇಲ್ಲಿ ಒಂದು ಜಾಣತನ ಇದೆ, ಕೀಲಿನ ಎನ್‌ಕೋಡರ್ ಹೇಳೋದು ಬೆರಳು ಎಲ್ಲಿದೆ ಅಂತ, ರೆಸಿಸ್ಟೆನ್ಸ್ ಹೇಳೋದು ತಂತಿ ಎಷ್ಟು ಉದ್ದ ಇದೆ ಅಂತ, ಎರಡಕ್ಕೂ ತಾಳೆ ಆಗದೆ ಉಳಿದ ವ್ಯತ್ಯಾಸಾನೇ ಸ್ಲ್ಯಾಕ್. ಕೇಳೋಕೆ ಚೆಂದ, ಅಂಕಿ ನೋಡಿ ಆಮೇಲೆ. 0.15 ತಂತಿ ಮೀಟರಿಗೆ ಸುಮಾರು 55 ಓಮ್, 200 ಮಿಮೀಗೆ 11 ಓಮ್, 8 ಮಿಮೀ ಪೂರ್ತಿ ಕುಗ್ಗಿದಾಗ ಬದಲಾಗೋದು ಒಂದು ಓಮ್ ಅಂತ ಇಟ್ಕೊಂಡ್ರೆ ನಮ್ಮ 0.33 ಮಿಮೀ ಸ್ಲ್ಯಾಕಿಗೆ ಬರೋದು 0.04 ಓಮ್. ಕ್ರಿಂಪ್ ಸ್ವಲ್ಪ ಸರಿ ಇಲ್ಲ ಅಂದ್ರೂ ಅದು ನುಂಗಿಹಾಕುತ್ತೆ. ಅದರ ಮೇಲೆ ಬಿಸಿಯಾಗೋವಾಗ ಒಂದು ದಾರಿ ತಣ್ಣಗಾಗೋವಾಗ ಇನ್ನೊಂದು ದಾರಿ, ಎಳೆತ ಬದಲಾದ್ರೆ ಎರಡೂ ದಾರಿ ಬದಲು. ನಾಲ್ಕು ವೈರ್ ಹಾಕಿ, ಅಂದ್ರೆ ಕರೆಂಟ್ ಕೊಡೋಕೆ ಎರಡು ವೋಲ್ಟೇಜ್ ನೋಡೋಕೆ ಬೇರೆ ಎರಡು, ಪಿಡಬ್ಲ್ಯುಎಂ, ಅಂದ್ರೆ ಕರೆಂಟನ್ನ ಪಟಪಟ ಆನ್-ಆಫ್ ಮಾಡಿ ಕೊಡೋ ವಿಧಾನದಲ್ಲಿ, ಪಲ್ಸ್ ಆನ್ ಇರೋವಾಗ ಮಾತ್ರ ಓದಿದ್ರೆ ಏನೋ ಪರವಾಗಿಲ್ಲ ಅನ್ನೋ ಮಟ್ಟಕ್ಕೆ ಬರುತ್ತೆ. ಉದ್ದ ತಿಳಿಯೋಕೆ ರೆಸಿಸ್ಟೆನ್ಸ್ ನಂಬಿ, ಬಿಗಿ ತಿಳಿಯೋಕೆ ಬೇಡ, ಇದು ನನ್ನ ಅನುಭವ, ಒಪ್ಪದವರು ಇದ್ದಾರೆ, ಜಗಳ ಇಲ್ಲ.

ಈಗ ಕಂಟ್ರೋಲ್. ಅಳೆದಿದ್ದಾಯ್ತು, ಸಡಿಲ ಆಗದ ಹಾಗೆ ನೋಡ್ಕೊಳ್ಳೋದು ಹೇಗೆ. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ರಾಯ್ ಫೆದರ್‌ಸ್ಟೋನ್ ಮತ್ತು ಯೀ ಹಾರ್ನ್ ಟೆಹ್ ಎರಡು ತಂತಿ ಜಗ್ಗಾಟದ ಆಕ್ಚುಯೇಟರ್, ಅಂದ್ರೆ ಕೀಲು ಅಲ್ಲಾಡಿಸೋ ಸಾಧನದ ಮೇಲೆ ಮಾಡಿದ ಕೆಲಸದಲ್ಲಿ ಇದಕ್ಕೆ ಸರಳವಾದ ಉತ್ತರ ಇದೆ, ಎರಡೂ ತಂತಿಗೂ ಒಂದು ಕನಿಷ್ಠ ಎಳೆತ ಅಂತ ಗೆರೆ ಹಾಕಿ, ಯಾವುದಾದ್ರೂ ಆ ಗೆರೆ ಕೆಳಗೆ ಇಳೀತಾ ಇದೆ ಅಂತ ಲೋಡ್ ಸೆಲ್ ಹೇಳಿದ ತಕ್ಷಣ ಅದಕ್ಕೆ ಸ್ವಲ್ಪ ಪವರ್ ಕೊಡಿ, ಅದು ಚೂರು ಕುಗ್ಗಿ ಸಡಿಲ ಆಗೋ ಮುಂಚೆ ತಾನೇ ಎಳ್ಕೊಳ್ಳುತ್ತೆ. ಅಂದ್ರೆ ಕೆಲಸ ಇಲ್ಲದ ತಂತೀನೂ ಪೂರ್ತಿ ಆಫ್ ಮಾಡಂಗಿಲ್ಲ, ಒಲೆ ಕೆಂಡ ಮುಚ್ಚಿಟ್ಟ ಹಾಗೆ ಬೆಚ್ಚಗೆ ಇಟ್ಕೊಂಡಿರ್ಬೇಕು. ಇನ್ನೊಂದು ಲಾಭ, ಬೆಚ್ಚಗಿರೋ ತಂತಿ ಕರೆದ ಕೂಡ್ಲೇ ಕೆಲಸಕ್ಕೆ ಬರುತ್ತೆ, ತಣ್ಣಗಿದ್ದು ಜೋತಿರೋ ತಂತಿ ಮೊದಲು ಬಿಸಿಯಾಗಿ ಆಮೇಲೆ ಜೋಲು ಎಳ್ಕೊಂಡು ಆಮೇಲೆ ಬೆರಳು ಅಲ್ಲಾಡಿಸ್ಬೇಕು. ಅವರೇ ಮೇಲ್ಗಡೆ ಇನ್ನೊಂದು ಗೆರೇನೂ ಹಾಕಿದ್ದಾರೆ, ಗರಿಷ್ಠ ಎಳೆತ, ಯಾಕಂದ್ರೆ ಒಂದು ತಂತಿ ಇನ್ನೂ ಆರಿಲ್ಲದೆ ಇರೋವಾಗ ಇನ್ನೊಂದು ಜೋರಾಗಿ ಎಳೆದ್ರೆ ಎರಡೂ ಒಂದನ್ನೊಂದು ಹಾಳು ಮಾಡ್ಕೊಳ್ತವೆ.

ನನ್ನ 0.15 ತಂತಿಗೆ ನಾನು ಕೆಳಗಿನ ಗೆರೆ 30 ಗ್ರಾಂ ಇಡ್ತೀನಿ, ಮೇಲಿನದ್ದು 320. ಕೆಳಗಿನದ್ದನ್ನ 100ಕ್ಕೆ ಏರಿಸಿ ನೋಡಿದ್ದೆ, ಎರಡು ತಂತಿ ಸುಮ್ನೆ ಒಂದರ ಜೊತೆ ಒಂದು ಗುದ್ದಾಡ್ತಾ ಕರೆಂಟ್ ಕುಡಿದವು, ಕೀಲು ಮಂದ ಆಯ್ತು.

ಕೋಡ್ ಬರೆಯೋ ಹುಡುಗರಿಗೆ ಒಂದು ಮಾತು, ಇದು ಎಲ್ಲೂ ಬರೆದಿರಲ್ಲ ಎಲ್ಲರೂ ಎಡವೋದು ಇಲ್ಲೇ. ಬೆರಳು ಗುರಿಯಿಂದ ಎಷ್ಟು ತಪ್ಪಿದೆ ಅಂತ ನೋಡಿ ಪವರ್ ತೀರ್ಮಾನಿಸೋ ಪಿಐಡಿ ಕಂಟ್ರೋಲರ್‌ನಲ್ಲಿ, ಆ ತಪ್ಪನ್ನ ಕೂಡಿಸ್ತಾ ಹೋಗೋ ಐ ಅನ್ನೋ ಭಾಗ ಇದ್ಯಲ್ಲ, ತಂತಿ ಜೋಲು ಎಳ್ಕೊಳ್ತಾ ಇರೋ ಆ ಅರ್ಧ ಸೆಕೆಂಡ್ ಬೆರಳು ಅಲ್ಲಾಡಲ್ಲ, ತಪ್ಪು ಹಾಗೇ ಇದೆ ಅಂತ ಐ ಸುಮ್ನೆ ಪವರ್ ಕೂಡಿಡ್ತಾ ಹೋಗುತ್ತೆ, ಜೋಲು ಮುಗಿದು ತಂತಿ ಬಿಗಿಯಾದ ಕ್ಷಣ ಕೂಡಿಟ್ಟಿದ್ದೆಲ್ಲ ಒಟ್ಟಿಗೆ ಸುರಿಯುತ್ತೆ, ಬೆರಳು ಟಪ್ ಅಂತ ಗುರಿ ದಾಟಿ ಹೋಗುತ್ತೆ, ನೀವು ಗೇನ್, ಅಂದ್ರೆ ತಪ್ಪಿಗೆ ಎಷ್ಟು ಜೋರಾಗಿ ಸ್ಪಂದಿಸ್ಬೇಕು ಅನ್ನೋ ಅಳತೆ, ಜಾಸ್ತಿ ಆಯ್ತು ಅಂತ ಗೇನ್ ಇಳಿಸ್ತೀರಾ, ಆಗ ಎಲ್ಲಾ ನಿಧಾನ ಆಗುತ್ತೆ, ಮತ್ತೆ ಏರಿಸ್ತೀರಾ. ಗೇನ್‌ದು ತಪ್ಪೇ ಅಲ್ಲ. ಎಳೆತ ಕೆಳಗಿನ ಗೆರೆ ದಾಟೋವರೆಗೂ ಐ ಭಾಗವನ್ನ ನಿಲ್ಲಿಸಿ, ಅಷ್ಟು ಸಾಕು. ನಾನು ಇದಕ್ಕೆ ಎರಡು ವಾರ ಕಳ್ಕೊಂಡಿದ್ದೀನಿ.

ಕೊನೇದಾಗಿ ಬಿಗಿದು ಕಟ್ಟೋ ಸಲಹೆ. ತಣ್ಣಗಿನ ನಿಟಿನಾಲ್ ಸ್ಟೀಲ್ ತಂತಿ ಥರ ಅಲ್ಲ ಅಂತ ಮೇಲೆ ಹೇಳಿದೆ. ಸ್ಕ್ರೂ ತಿರುಗಿಸಿ ಬಿಗಿ ಮಾಡ್ತಾ ಹೋದ್ರೆ ಅದು ಬಿಗಿ ಆಗೋ ಬದಲು ಉದ್ದ ಆಗ್ತಾ ಹೋಗುತ್ತೆ, ನಿಮಗೆ ಕೈಗೆ ಸಿಕ್ಕಿದ್ದು ಬಿಗಿ ಅಲ್ಲ, ಮುಂದಿನ ಸಲ ಬಿಸಿ ಆದಾಗ ಅಷ್ಟೂ ವಾಪಸ್ ಎಳೆಯೋ ಸಾಲ. ಕೀಲು ಆಗ್ಲೇ ಕೊನೇ ಸ್ಟಾಪಿಗೆ ತಾಗಿ ನಿಂತಿದ್ರೆ ಆ ಎಳೆತ ಹೋಗೋಕೆ ಜಾಗ ಇಲ್ಲ, ಕ್ರಿಂಪ್ ಕೀಳುತ್ತೆ ಇಲ್ಲಾ ತಂತಿಯ ಆಯಸ್ಸು ಮುಗಿಯುತ್ತೆ. ಸರಿಯಾದ ಕ್ರಮ ಉಲ್ಟಾ. ಮೊದಲು ಕೆಲಸದಲ್ಲಿ ಬರೋ ತೂಕಾನೇ ನೇತುಹಾಕಿ ತಂತಿಯನ್ನ ನೂರು ಸಲನಾದ್ರೂ ಬಿಸಿ ಮಾಡಿ ಆರಿಸಿ, ಹಿಗ್ಗೋದು ಬಹುಪಾಲು ಈ ಮೊದಲ ಸೈಕಲ್‌ಗಳಲ್ಲೇ ಹಿಗ್ಗಿ ಮುಗಿಸುತ್ತೆ, ಆಮೇಲೆ ಅಳತೆಗೆ ಕತ್ತರಿಸಿ ಕ್ರಿಂಪ್ ಮಾಡಿ. ಗಂಟು ಹಾಕಬೇಡಿ, ಬೆಸುಗೆ ಅಂತೂ ಬೇಡವೇ ಬೇಡ, ಸಾಮಾನ್ಯ ಬೆಸುಗೆ ಇದಕ್ಕೆ ಹಿಡಿಯಲ್ಲ, ಹಿಡಿಸೋಕೆ ಹೋದ್ರೆ ಆ ಬಿಸಿಗೆ ತುದಿ ಕೆಡುತ್ತೆ. ಒಂಟಿ ತಂತಿಯ ಮೆಕ್ಯಾನಿಸಂ ಆದ್ರೆ ಉದ್ದದ ಮೆತ್ತನೆ ಸ್ಪ್ರಿಂಗ್ ಹಾಕಿ, ಗಿಡ್ಡ ಗಟ್ಟಿ ಸ್ಪ್ರಿಂಗ್ ಬೇಡ, ಗಟ್ಟಿ ಸ್ಪ್ರಿಂಗು ತಂತಿ ಕುಗ್ಗಿದಾಗ ವಿಪರೀತ ಎಳೆಯುತ್ತೆ, ಸಡಿಲ ಆದಾಗ ಎಳೆಯೋದೇ ಇಲ್ಲ, ನಮಗೆ ಬೇಕಾಗಿರೋದು ಸಡಿಲ ಆದಾಗಲೇ.

ನಿಮ್ಮ ಲೇಖನದ ಜೊತೆ ಹಾಕಿದ ಫೋಟೋದಲ್ಲಿ ಎರಡು ತಂತಿ ಇವೆ. ಮೇಲಿನದ್ದು ನೆಟ್ಟಗಿದೆ, ಕೆಳಗಿನದ್ದು ಸಣ್ಣಗೆ ಬಿಲ್ಲಿನ ಥರ ಬಾಗಿದೆ, ಫ್ರೇಮಿಗೆ ಇನ್ನೊಂದೆರಡು ಮಿಲಿಮೀಟರ್ ದೂರ. ಅದನ್ನ ಮಾಡಿದವರು ಯಾರು ಅಂತ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿರುತ್ತೆ. ಈ ಪತ್ರ ಅಚ್ಚಾಗೋಕೆ ಎಷ್ಟು ದಿನ ಬೇಕೋ ಏನೋ, ಅವರಿಗೆ ಇವತ್ತೇ ಒಂದು ಫೋನ್ ಮಾಡಿ ಕರೆಂಟ್ ತೆಗೆದು ಎರಡೂ ತಂತಿ ಮೀಟಿ ನೋಡೋಕೆ ಹೇಳಿ, ನನ್ನ ಅನುಮಾನ ಏನಂದ್ರೆ ಮೇಲಿನ ನೆಟ್ಟಗಿರೋ ತಂತೀಲೂ ಸ್ವರ ಬರಲ್ಲ.

ಇಂತಿ,
ನಿಮ್ಮ ವಿಜ್ಞಾನ ಪುಟದ ಹಳೇ ಓದುಗ